ಕೆಂಚವ್ವನ ಬೆನ್ನು

ಸಂಪಗಾಂವದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆಲ್ಲ ಕೆಂಚವ್ವನೇ ಹಿರಿಯಳು. ಆ ವರ್ಷ ಅವಳ ಕಣ್ಣು ಮಂಜಾದವು, ಹಿರೇತನ ರಾಯವ್ವನಿಗೆ ಬಂತು. ಬಂದದ್ದೇ ತಡ, ರಾಯವ್ವನ ಕಾಲು ನೆಲಕ್ಕೆ ಹತ್ತದಂತಾಯಿತು. ಕಚ್ಚೆ ಬಿಗಿದು, ಎಲ್ಲರಿಗಿಂತ ಮುಂದೆ ಸಾಲು ಹಿಡಿದು, "ನಡೀರೇ, ಲಗೂನ!" ಎಂದು ಕೂಗುತ್ತ ಹೊರಟುಬಿಡುವಳು. ಹಿರಿಯಳೆಂದರೆ ಮುಂದಿರಬೇಕು, ಗದರಿಸಬೇಕು, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಪಾಪ, ಗೊತ್ತಿದ್ದದ್ದನ್ನು ಮನಸಾರೆ ಮಾಡಿದಳು. ಅವಳ ಓರಗೆಯ ಮರೆವ್ವ, ತನ್ನನ್ನೂ ಗದರಿಸಿದಳೆಂದು, ಅಂದಿನಿಂದ ಅವಳೊಡನೆ ಮಾತು ಬಿಟ್ಟಳು.

ಹಿಂದೆ ಬೀಳಬಾರದೆಂದು ಹೆಂಗಸರು ಸಿಕ್ಕಾಪಟ್ಟೆ ಕಿತ್ತರು. ಹತ್ತಿಯ ಜೊತೆಗೆ ಒಣ ಎಲೆ, ಕಾಯಿಯ ಸಿಪ್ಪೆ ಎಲ್ಲ ಉಡಿಗೆ ಬಂತು. ಸಂಜೆ ಹೊಲದ ಒಡೆಯ ಬಸಲಿಂಗಪ್ಪ ರಾಶಿಯೊಳಗೆ ಕೈ ಹಾಕಿ ಹಿಡಿ ಕಸ ತೆಗೆದು ತೋರಿಸಿದ.

"ಇದನ್ನ ಒಯ್ದರ ಬೈಲಹೊಂಗಲ ಪ್ಯಾಟ್ಯಾಗ ನನ್ನ ಮಾರಿಗೆ ಒಗೀತಾರ. ನಾಳೆನೂ ಹಿಂಗಾದ್ರ ಕಿತ್ತೂರ ಕಡಿಂದ ಬ್ಯಾರೆ ಹೆಣ್ಮಕ್ಕಳನ್ನ ಕರಸ್ತೇನಿ. ನೀವು ಮನ್ಯಾಗ ಕುಂತ್ಕೊರಿ."

ಸುಗ್ಗಿ ಇನ್ನೂ ಅರ್ಧ ಉಳಿದಿತ್ತು. ಇಷ್ಟು ಮನೆಗಳ ಅನ್ನಕ್ಕೆ ಕಲ್ಲು ಬೀಳುತ್ತದಲ್ಲ ಎಂದು ರಾಯವ್ವ ಹೆದರಿದಳು. ಇನ್ನಷ್ಟು ಮುಂದೆ ನಡೆಯಬೇಕು, ಇನ್ನಷ್ಟು ಗದರಿಸಬೇಕು ಎಂದುಕೊಂಡಳು.

ಮರುದಿನ ಬೆಳಗ್ಗೆ ಮಂಜು ಹೊಲಕ್ಕೇ ಇಳಿದು ಕುಳಿತಿತ್ತು. ಹತ್ತಿ ಯಾವುದು, ಮಂಜು ಯಾವುದು, ತಿಳಿಯದು. ಕಾಲಡಿಯ ಕರಿಮಣ್ಣೂ ಕಾಣದು. ರಾಯವ್ವ ನಡೆದೇ ನಡೆದಳು. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ಎನ್ನುವಂತಾಗಿ, ಬದುವಿಗೆ ಕಾಲು ತಾಗಿದಾಗಲೇ ಸಾಲು ಮುಗಿದದ್ದು ಗೊತ್ತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ.

"ಮರೆವ್ವಾ!" ಎಂದು ಕೂಗಿದಳು. ದನಿ ಬೇರೆ ಯಾರದೋ ಎನ್ನಿಸಿತು. ಎಲ್ಲೋ ದೂರದಲ್ಲಿ ಬಳೆಗಳ ಸದ್ದು, ಹಾಡಿನ ಒಂದು ತುಣುಕು, ನಗು. ಆ ನಗುವಿನಲ್ಲಿ ತಾನಿಲ್ಲ. ರಾಯವ್ವನಿಗೆ ಅಳು ಬಂತು.

ಆಗ ಆ ಬಿಳುಪಿನೊಳಗೆ ಹಳೆಯ ಸುಗ್ಗಿಗಳೆಲ್ಲ ಒಂದೊಂದಾಗಿ ಹಾದುಹೋದವು. ಎಲ್ಲದರಲ್ಲೂ ಕೆಂಚವ್ವ ಇದ್ದಳು. ಹಿಂದೆ ಬಿದ್ದವಳ ಪಕ್ಕದಲ್ಲಿ ಬಗ್ಗಿದ್ದಳು, ಬಸುರಿಯ ಉಡಿಯ ಹತ್ತಿಯನ್ನು ತನ್ನ ಉಡಿಗೆ ಸುರಿದುಕೊಳ್ಳುತ್ತಿದ್ದಳು. ಅವಳ ಮುಖ ನೆನಪಿತ್ತು, ಕೈ ನೆನಪಿತ್ತು. ಬೆನ್ನು ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ. ಇಷ್ಟು ವರ್ಷದಲ್ಲಿ ಕೆಂಚವ್ವನ ಬೆನ್ನನ್ನು ಅವಳು ನೋಡಿಯೇ ಇರಲಿಲ್ಲ.

ಹಾಡಿನ ಜಾಡು ಹಿಡಿದು ರಾಯವ್ವ ಹಿಂದಕ್ಕೆ ಬಂದಳು. ಎಲ್ಲರಿಗಿಂತ ಕೊನೆಯಲ್ಲಿ ಕೆಂಚವ್ವ ಬೆರಳಿನಿಂದ ತಡವಿ ತಡವಿ ಬಿಡಿಸುತ್ತಿದ್ದಳು. ರಾಯವ್ವ ಪಕ್ಕದ ಸಾಲು ಹಿಡಿದಳು.

"ಯಾರವಾ?"

"ನಾನ ಯವ್ವಾ, ರಾಯವ್ವ."

"ಬಂದ್ಯಾ? ಬಾ. ಈ ಗಿಡದಾಗ ಒಣಾ ಎಲಿ ಭಾಳ ಅದಾವ, ಮೆತ್ತಗ ಬಿಡಸು."

ಆ ದಿನ ರಾಯವ್ವ ಯಾರನ್ನೂ ಗದರಿಸಲಿಲ್ಲ. ಉಡಿ ಭಾರವಾದವರ ಹತ್ತಿಯನ್ನು ತಾನೇ ರಾಶಿಗೆ ಒಯ್ದಳು, ಕಸ ಕಂಡಲ್ಲಿ ಕೂತು ಆರಿಸಿದಳು. ಮೊದಲು ಮೂಗು ಮುರಿದ ಮರೆವ್ವ ಮಧ್ಯಾಹ್ನದ ಹೊತ್ತಿಗೆ ಬಂದು ಎದುರಿಗೆ ಕೂತು ತಾನೂ ಆರಿಸತೊಡಗಿದಳು.

ಸಂಜೆ ಬಸಲಿಂಗಪ್ಪ ಮೊಣಕೈವರೆಗೆ ರಾಶಿಯೊಳಗೆ ಕೈ ಹಾಕಿ ತಡಕಾಡಿದ. ಹೊರಗೆ ತೆಗೆದ ಕೈಗೆ ಬಿಳಿ ಎಳೆಗಳಷ್ಟೇ ಅಂಟಿದ್ದವು.

"ನಾಳೆ ಬಾವಿ ಕಡಿ ಹೊಲಕ್ಕ ಬರ್ರಿ," ಎಂದಷ್ಟೇ ಹೇಳಿ ಹೋದ.

ಊರ ದಾರಿಯಲ್ಲಿ ರಾಯವ್ವ ಕೆಂಚವ್ವನ ಕೈ ಹಿಡಿದು ಎಲ್ಲರಿಗಿಂತ ಹಿಂದೆ ನಿಧಾನವಾಗಿ ನಡೆಯುತ್ತಿದ್ದಳು. ಮುಂದೆ ಹೋಗುತ್ತಿದ್ದ ಮರೆವ್ವ ಗಕ್ಕನೆ ನಿಂತಳು. ಉಳಿದವರೂ ನಿಂತು ತಿರುಗಿದರು.

"ಲಗೂನ ಬಾ ಯಕ್ಕಾ," ಎಂದಳು ಮರೆವ್ವ, ರಾಯವ್ವನನ್ನು ನೋಡಿ. "ನೀ ಬರೂತನಾ ನಾವ್ಯಾರೂ ಮುಂದ ಹೋಗಂಗಿಲ್ಲ."