ಬೆಲ್ಟಿನ ಗುರುತು

ಅನುಮಾನ ಪಡುವುದಕ್ಕೇ ವಿಮಾ ಕಂಪನಿ ನನಗೆ ಸಂಬಳ ಕೊಡುತ್ತದೆ, ನಾನೂ ಮೈಗಳ್ಳನಲ್ಲ. ರಾಮತೀರ್ಥ ನಗರದ ಗುರುಪುತ್ರಪ್ಪನ ಕಾರು ಖಾನಾಪುರ ರಸ್ತೆಯಲ್ಲಿ ಮರಕ್ಕೆ ಬಡಿದು, ಅವನ ಡ್ರೈವರ್ ಬುರಾನುದ್ದೀನ ಸತ್ತಿದ್ದ.

"ನಾ ಬಾಜೂಕ ಕುಂತಿದ್ದೆರೀ. ಅಂವಾ ಗಾಡಿ ಹೊಡಕೋತ ನಿದ್ದಿಗೆ ಜಾರಿದ," ಎಂದ ಗುರುಪುತ್ರಪ್ಪ. ನಾನು ಕೇಳದೆಯೇ ಮೂರು ಸಲ ಹೇಳಿದ. ಅಂಥ ಸೆಕೆಯಲ್ಲೂ ಅಂಗಿಯ ಗುಂಡಿಯನ್ನು ಕೊರಳತನಕ ಹಾಕಿದ್ದ.

ತರಬೇತಿಯಲ್ಲಿ ನಮಗೊಂದು ವಿಡಿಯೊ ತೋರಿಸಿದ್ದರು. ಕಾರಿನಲ್ಲಿ ಮನುಷ್ಯನಷ್ಟೇ ಭಾರದ ಬೊಂಬೆ ಕೂರಿಸಿ ಗೋಡೆಗೆ ಗುದ್ದಿಸುತ್ತಾರೆ. ಬೆಲ್ಟು ಎಳೆದಾಗ ಎದೆ ಎಷ್ಟು ಒಳಗೆ ಹೋಯಿತೆಂದು ತಿಳಿಯಲು ಬೊಂಬೆಯೊಳಗೆ ಯಂತ್ರ ಬೇಕು. ಮನುಷ್ಯನ ಮೈ ಹಾಗಲ್ಲ, ಬೆಲ್ಟು ಹಾದಲ್ಲೆಲ್ಲ ಕಂದುಗಟ್ಟುತ್ತದೆ. ಗಾಡಿ ಹೊಡೆಯುವವನಿಗೆ ಬಲಭುಜದಿಂದ, ಪಕ್ಕದವನಿಗೆ ಎಡಭುಜದಿಂದ. ಮರಣೋತ್ತರ ವರದಿಯಲ್ಲಿ 'ಎದೆಯ ಮೇಲೆ ಓರೆ ಗಾಯ' ಎಂದಷ್ಟೇ ಇತ್ತು. ಗುರುಪುತ್ರಪ್ಪನ ಅಂಗಿ ಬಿಚ್ಚಿಸುವ ಅಧಿಕಾರ ನನಗಿರಲಿಲ್ಲ.

ಖಾನಾಪುರದಲ್ಲಿದ್ದ ಬುರಾನುದ್ದೀನನ ಮನೆಗೆ ಹೋದೆ. ಹೆಣಕ್ಕೆ ಸ್ನಾನ ಮಾಡಿಸಿದ್ದವನು ಸತ್ತವನ ತಮ್ಮ ಶಾಕಿರ. ಗುರುತು ಯಾವ ಭುಜಕ್ಕಿತ್ತು ಎಂದು ಕೇಳಿದರೆ ನೆಲ ನೋಡಿದ.

"ಅದನ್ನ ಹೇಳಾಕ ಬರೂದಿಲ್ರೀ."

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಚಾಕ ಗುರುಪುತ್ರಪ್ಪ ಎಷ್ಟು ಕೊಟ್ಟಾನ?"

ಬಾಗಿಲ ಪರದೆಯ ಹಿಂದಿನಿಂದ ಬುರಾನುದ್ದೀನನ ಹೆಂಡತಿ ರಾಜಬೀ ಮಾತಾಡಿದಳು. "ಹಂಗ ಅನಬ್ಯಾಡ್ರಿ ಸಾಹೇಬ್ರ. ಮಯ್ಯತ್ ತೊಳದಾವ್ರು ಮೈಮ್ಯಾಲ ಕಂಡದ್ದು ಹೊರಗ ಹೇಳಬಾರದು, ನಮ್ಮಾಗ ಹಂಗೈತಿ. ತಪ್ಪು ನಂದ. ಮಗಳು ಸಿಮ್ರನಗ ಜ್ವರ ಇತ್ತು. ಹಿಂದಿನ ರಾತ್ರಿ ಅವರನ್ನ ಮಲಗಾಕ ಬಿಡಲಿಲ್ಲ. ನಾನ ಕೊಂದೆ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಸತ್ಯ ಹೇಳದವರೆಲ್ಲ ಮಾರಿಕೊಂಡವರೇ ಎಂದು ನಂಬಿ ಹತ್ತು ವರ್ಷ ಕಳೆದಿದ್ದೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, "ಏನೂ ಹೇಳಬ್ಯಾಡ್ರಿ. ನಾ ಒಂದು ಬೊಂಬಿ ಅಂತ ತಿಳೀರಿ. ನನಗ ಬೆಲ್ಟ್ ಹಾಕ್ರಿ," ಎಂದೆ.

ಶಾಕಿರ ತನ್ನ ಹೆಗಲ ಮೇಲಿದ್ದ ವಸ್ತ್ರ ತೆಗೆದು ನನ್ನ ಎಡಭುಜಕ್ಕೆ ಹಾಕಿ, ಎದೆಯ ಮೇಲಿಂದ ಬಲಸೊಂಟಕ್ಕೆ ತಂದು ಹಿಡಿದ.

"ಏನಾತ್ರಿ?" ಎಂದಳು ರಾಜಬೀ.

"ಗಾಡಿ ನಿಮ್ಮ ಯಜಮಾನ್ರು ಹೊಡೀತಿದ್ದಿಲ್ರೀ. ಬಾಜೂಕ ಕುಂತಿದ್ರು. ಹೊಡದಾವ ಗುರುಪುತ್ರಪ್ಪ."

ರಾಜಬೀ ಶಾಪ ಹಾಕುತ್ತಾಳೆ, ಕೇಸಿನ ಮಾತು ಎತ್ತುತ್ತಾಳೆ ಎಂದು ಕಾದೆ.

"ಹಂಗಾದ್ರ," ಎಂದಳು ಮೆಲ್ಲಗೆ, "ಅವರು ನಿದ್ದಿ ಮಾಡಿದ್ರೂ ನಡೀತಿತ್ತಲ್ರೀ?"