ಹದಿನಾಲ್ಕನೇ ನಿಯಮ

ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹನ್ನೊಂದು ವರ್ಷ ಗಾಲಿಕುರ್ಚಿ ರಿಪೇರಿ ನಡೆದಿತ್ತು. ಸೈಕಲ್ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ ಸ್ಪ್ಯಾನರ್ ಮಾವ ಗಾಲಿ, ಬ್ರೇಕು ನೋಡಿಕೊಂಡರೆ ಅವರ ಗೆಳೆಯ ದರ್ಜಿ ಹರಿದ ಸೀಟು ಹೊಲಿಯುತ್ತಿದ್ದ. ನಿವೃತ್ತ ಚರಿತ್ರೆ ಮೇಷ್ಟ್ರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪೇಪರ್ ಓದಿ ಹೇಳುತ್ತಿದ್ದರು, ಕೇಳಿದಾಗ ನಟ್ಟು ಎತ್ತಿಕೊಡುತ್ತಿದ್ದರು. ಮೂವರಿಗೂ ಸೇರಿ ಒಂದು ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ರೋಗಿಗಳಿಗೆ ಅದರಿಂದ ಏನೂ ಕಡಿಮೆಯಾಗಿರಲಿಲ್ಲ.

ಹೊಸದಾಗಿ ಬಂದ ಮೇಲಧಿಕಾರಿಯ ಕಣ್ಣಿಗೆ ಅದು ಬಿತ್ತು. ಆಕೆ ಕೆಟ್ಟವರೇನಲ್ಲ.

"ಯಾರ್ಯಾರೋ ಕೂತು ಏನೇನೋ ಬಿಚ್ತಿದ್ರೆ ನಾಳೆ ನಾನು ಉತ್ತರ ಹೇಳ್ಬೇಕು. ಸಂಘ ಮಾಡ್ಕೊಂಡು ಬನ್ನಿ, ಬೆಳಕಿರೋ ರೂಮೇ ಕೊಡ್ತೀನಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ," ಎಂದರು.

ಆ ಸಂದಿ ಬಿಟ್ಟರೆ ಮಾವನ ಕೈಗೆ ಬೇರೆ ಕೆಲಸವಿರಲಿಲ್ಲ, ಆ ಕುರ್ಚಿಗಳಿಗೆ ಬೇರೆ ಕೈ ಇರಲಿಲ್ಲ.

ಮಾವನ ತಂಗಿಯ ಮಗಳು ಕಚೇರಿಯೊಂದರಲ್ಲಿ ಗುಮಾಸ್ತೆ. ಎರಡೇ ಸಂಜೆಯಲ್ಲಿ ಸಂಘ ಹುಟ್ಟಿಸಿದಳು. ಯಾವುದೋ ದೊಡ್ಡ ಸಂಸ್ಥೆಯ ನಿಯಮಾವಳಿ ತಂದು, ಅವರ ಹೆಸರಿದ್ದಲ್ಲೆಲ್ಲ ಇವರ ಸಂಘದ ಹೆಸರು ತುಂಬಿದಳು. ಮಾವ ಅಧ್ಯಕ್ಷರು. ಮೂರು ಜನಕ್ಕೆ ನಾಲ್ಕು ಉಪಸಮಿತಿ. ದರ್ಜಿಗೆ ಮಾವನ ಮೇಲೆ ದೂರಿದ್ದರೆ ಕುಂದುಕೊರತೆ ಸಮಿತಿಗೆ ಬರೆದುಕೊಡಬೇಕು. ಆ ಸಮಿತಿಯೆಂದರೆ ಮಾವನೇ. ಆಂಬುಲೆನ್ಸ್ ಚಾಲಕರು ಸಮವಸ್ತ್ರ ಧರಿಸತಕ್ಕದ್ದು ಎಂದೂ ಇತ್ತು.

"ನಮ್ಮತ್ರ ಆಂಬುಲೆನ್ಸ್ ಎಲ್ಲಿದೆಯೇ?" ಎಂದರು ಮಾವ.

"ಇರ್ಲಿ ಬಿಡಿ ಮಾವ, ತೂಕ ಬರುತ್ತೆ."

ತೂಕವೇನೋ ಬಂತು. ಮೇಲಧಿಕಾರಿ ಪುಟ ತಿರುವುತ್ತ ಮುಖವರಳಿಸಿದರು. ಒಂದು ಕುರ್ಚಿಯನ್ನಾದರೂ ತಳ್ಳಿ ನೋಡಲಿಲ್ಲ. ಹದಿನಾಲ್ಕನೇ ನಿಯಮದ ಮೇಲೆ ಅವರ ಬೆರಳು ನಿಂತಿತು: ಪದವೀಧರ ತಾಂತ್ರಿಕ ಮುಖ್ಯಸ್ಥರ ಹೊರತು ಬೇರೆ ಯಾರೂ ರಿಪೇರಿ ಮಾಡತಕ್ಕದ್ದಲ್ಲ.

"ಇದು ತುಂಬಾ ಒಳ್ಳೇದು. ಯಾರು ನಿಮ್ಮ ತಾಂತ್ರಿಕ ಮುಖ್ಯಸ್ಥರು?"

ಮಾವ ಏಳನೇ ತರಗತಿಗೆ ಶಾಲೆ ಬಿಟ್ಟವರು, ದರ್ಜಿ ಅದಕ್ಕೂ ಮುಂಚೆ. ಜೊತೆಗೆ ಬಂದಿದ್ದ ತಂಗಿಯ ಮಗಳು ಆ ಸಾಲನ್ನು ಓದಿಯೇ ಇರಲಿಲ್ಲ. ಎಲ್ಲರ ಕಣ್ಣೂ ಮೇಷ್ಟ್ರ ಕಡೆ ಹೊರಳಿತು. ಅವರಿಗೆ ಪದವಿಯಿತ್ತು. ಯಾವ ವಿಷಯದಲ್ಲಿ ಎಂದು ನಿಯಮವೂ ಕೇಳಿರಲಿಲ್ಲ, ಅಧಿಕಾರಿಯೂ ಕೇಳಲಿಲ್ಲ.

ರೂಮು ಸಿಕ್ಕಿತು. ಬಾಗಿಲು ಮುಚ್ಚಿಕೊಂಡು ಮಾವ ರಿಪೇರಿ ಮಾಡಬೇಕು, ಕುರ್ಚಿಗೆ ಕಟ್ಟಿದ ಚೀಟಿಗೆ ಮೇಷ್ಟ್ರು ಸಹಿ ಹಾಕಬೇಕು. ರೋಗಿಗಳು ಮೇಷ್ಟ್ರಿಗೆ ಕೈಮುಗಿಯತೊಡಗಿದರು. ಮೊದಮೊದಲು ಮಾವ ನಕ್ಕರು. ಆಮೇಲಾಮೇಲೆ ಆ ಹೊತ್ತಿಗೆ ಟೀ ಕುಡಿಯಲು ಎದ್ದು ಹೋಗುತ್ತಿದ್ದರು.

ವರ್ಷ ತುಂಬಿದಾಗ ಆಸ್ಪತ್ರೆಯ ಸಭೆಯಲ್ಲಿ ಉತ್ತಮ ತಂತ್ರಜ್ಞರಿಗೆ ಪ್ರಶಸ್ತಿಪತ್ರ ಎಂದು ಘೋಷಣೆಯಾಯಿತು. ಪಡೆಯುವವರು ಮೇಷ್ಟ್ರು, ಕೊಡುವವರು ಸಂಘದ ಅಧ್ಯಕ್ಷರಾದ ಮಾವ. ವೇದಿಕೆಯ ಮೇಲೆ ಮೇಷ್ಟ್ರು ಮಾವನ ಪಕ್ಕಕ್ಕೆ ಸರಿದರು.

"ನನ್ ಕೈಲಾಗಲ್ಲಪ್ಪ. ನಿಜ ಹೇಳ್ಬಿಡ್ತೀನಿ," ಎಂದು ಪಿಸುಗುಟ್ಟಿದರು.

ಮಾವನಿಗೂ ಅದೇ ಬೇಕಿತ್ತು. ಹೇಳಲಿ, ಒಂದು ಸಲ ಎಲ್ಲರಿಗೂ ಗೊತ್ತಾಗಲಿ ಎಂದು ಮನಸ್ಸು ಹಂಬಲಿಸಿತು. ಆದರೆ ಬಾಯಲ್ಲಿ ಬಂದದ್ದೇ ಬೇರೆ.

"ಹೇಳಿದ್ರೆ ನಾಳೆ ರೂಮಿಗೆ ಬೀಗ. ಒಳಗೆ ಹದಿನಾರು ಕುರ್ಚಿ ಬಿಚ್ಚಿಟ್ಟಿದೀನಿ. ತಗೊಳ್ಳಿ ಮೇಷ್ಟ್ರೇ."

ಮೇಷ್ಟ್ರು ತೆಗೆದುಕೊಂಡರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವರು ಒಮ್ಮೆ ಮಾವನ ಕೈಗಳತ್ತ ನೋಡಿದರು.

"ಮೊದಲು ಕುರ್ಚೀಲಿ ನಾವೇ ಕೂತು, ಕಣ್ಮುಚ್ಚಿ ಒಂದು ಸುತ್ತು ಹೋಗ್ಬೇಕು," ಎಂದು ನಿಧಾನವಾಗಿ ಶುರು ಮಾಡಿದರು. "ಗಾಲಿ ಯಾವ ಕಡೆ ಎಳೀತಿದೆ ಅಂತ ಸೊಂಟಕ್ಕೆ ಗೊತ್ತಾಗುತ್ತೆ. ಬ್ರೇಕನ್ನ ನಮ್ಮ ಶಕ್ತಿಗೆ ಬಿಗೀಬಾರ್ದು. ಕೂರೋರ ಕೈ ಹಿಡಿದು, ಅವರಿಗೆಷ್ಟು ಶಕ್ತಿ ಇದೆ ನೋಡಿ, ಅಷ್ಟಕ್ಕೆ ಬಿಗೀಬೇಕು. ಅದು ಬರೋಕೆ ಒಂದು ಜನ್ಮ ಬೇಕು."

ತಾನು ಹಾಗೆ ಕೈ ಹಿಡಿದು ನೋಡುತ್ತೇನೆಂಬುದು ಮಾವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರ ಕೆಲಸವನ್ನು ಯಾರೂ ಹೀಗೆ ಹೊಗಳಿರಲಿಲ್ಲ.

ಮೇಲಧಿಕಾರಿ ಮಾವನತ್ತ ಬಾಗಿದರು. "ನೋಡಿದ್ರಾ ಅಧ್ಯಕ್ಷರೇ, ಓದಿದವರು ಓದಿದವರೇ."

"ಹೌದು ಮೇಡಂ," ಎಂದು ಮಾವ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.