ಒಂದೂವರೆಯ ನಂತರದ ಮಾತು

ಶಾಲಾ ಸಮವಸ್ತ್ರ ಹೊಲಿಯುವ ಆ ಶೆಡ್ಡಿನಲ್ಲಿ ಎಂಟು ಮೆಷಿನ್ನುಗಳು. ಮೆಷಿನ್ ನಿಂತಿತೋ, ಬಾಯಿ ಶುರು. ಕಾಲರ್ ಹೊಲಿಯುವವಳನ್ನು ಎಲ್ಲರೂ ಕಾಲರಕ್ಕ ಅನ್ನುತ್ತಿದ್ದರು. ಮೂಲೆಯಲ್ಲಿ ಕೂತು ಕೈಯಿಂದಲೇ ಗುಂಡಿ ಹಚ್ಚುವ ಹಿರಿಯಳು ಗುಂಡಿಯಮ್ಮ. ಬಟ್ಟೆ ಕತ್ತರಿಸುವ ಯಜಮಾನ ಕತ್ತರಿ ಮಾವ.

ಊಟದ ಬಿಡುವು ಒಂದರಿಂದ ಒಂದೂವರೆ. ಒಂದೂಕಾಲಿಗೆ ಕತ್ತರಿ ಮಾವನ ರೇಡಿಯೋದಲ್ಲಿ ದಿನವೂ ಅರ್ಧ ಗಂಟೆಯ ಒಂದು ಕಾರ್ಯಕ್ರಮ. ದಿನಕ್ಕೊಂದೇ ವಿಷಯ. ಇವತ್ತು ಚುನಾವಣೆ, ನಾಳೆ ಭೂಕಂಪ ಯಾಕಾಗುತ್ತದೆ ಅಂತ, ನಾಡಿದ್ದು ಹೆಣ್ಣುಮಕ್ಕಳು ಯಾಕೆ ಓದು ಬಿಡುತ್ತಾರೆ ಅಂತ. ಅದನ್ನು ನಡೆಸುವ ಪತ್ರಕರ್ತೆ ಇವರನ್ನೂ ಕೇಳಿ, ಅವರನ್ನೂ ಕೇಳಿ, ಕಾಗದಪತ್ರ ತೆಗೆಸಿ ನೋಡಿ, ವಿಷಯದ ಬುಡದವರೆಗೆ ಹೋಗುತ್ತಿದ್ದಳು. ಆದರೆ ಒಂದೂವರೆ ಆಯಿತೆಂದರೆ ಕತ್ತರಿ ಮಾವ ಗಂಟೆ ಬಾರಿಸಿಬಿಡುತ್ತಿದ್ದ. ಮೆಷಿನ್ನುಗಳ ಗದ್ದಲದಲ್ಲಿ ಉಳಿದ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹೀಗಾಗಿ ಆ ಶೆಡ್ಡಿನವರಿಗೆ ಪ್ರಪಂಚದಲ್ಲಿ ಎಲ್ಲವೂ ಗೊತ್ತಿತ್ತು, ಎಲ್ಲವೂ ಅರ್ಧ!

ಒಮ್ಮೆ, ಅವರ ರಸ್ತೆಯ ಬಸ್ಸನ್ನು ರದ್ದು ಮಾಡುತ್ತಾರಂತೆ ಅನ್ನುವಲ್ಲಿಗೆ ಗಂಟೆ ಹೊಡೆಯಿತು. ಮರುದಿನ ಬೆಳಿಗ್ಗೆ ಮೂವರು ಹೆಂಗಸರು ರಟ್ಟಿನ ಮೇಲೆ ‘ಧಿಕ್ಕಾರ’ ಬರೆದುಕೊಂಡು ರಸ್ತೆಯಲ್ಲಿ ನಿಂತರು. ಬಸ್ಸು ಬಂತು, ನಿಂತಿತು. “ಹತ್ತೀರೋ ಇಲ್ವೋ?” ಎಂದ ಕಂಡಕ್ಟರ್. ಆ ಯೋಜನೆ ಕೈಬಿಟ್ಟಾಗಿದೆ ಎಂಬುದು ಒಂದೂವರೆಯ ನಂತರದ ಮಾತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮರೆತರು.

ಕಾಲರಕ್ಕನ ಮನೆಗೆ ಬಂದದ್ದು ಮಾತ್ರ ನಗುವಂಥದ್ದಲ್ಲ. ಅವಳ ಗಂಡ ಬಡಗಿ. ನಾಲ್ಕು ವರ್ಷದಿಂದ ದಿನಕ್ಕೊಂದು ಬಿಪಿ ಮಾತ್ರೆ ನುಂಗುತ್ತಿದ್ದ. ಒಂದು ದಿನ ಮೈದುನ ಅವಳ ಮೊಬೈಲಿಗೆ ಅರ್ಧ ನಿಮಿಷದ ಧ್ವನಿಯೊಂದನ್ನು ಕಳಿಸಿದ. “ಬಿಪಿ ಮಾತ್ರೆ ತಿಂದರೆ ಕಿಡ್ನಿ ಹೋಗತ್ತೆ, ಎಲ್ಲರಿಗೂ ಹಂಚಿ!” ಹೇಳಿದವನು ಯಾರೋ, ಎಲ್ಲಿಯವನೋ, ದೇವರಿಗೇ ಗೊತ್ತು. ಕಾಲರಕ್ಕ ಅರ್ಧ ನಂಬಿದಳು, ಅರ್ಧ ಬಿಟ್ಟಳು.

ಆ ವಾರದ ಮಂಗಳವಾರ ರೇಡಿಯೋದಲ್ಲೂ ಅದೇ ವಿಷಯ ಬಂತು. ಕೆಮ್ಮುತ್ತಾ ಕೆಮ್ಮುತ್ತಾ ಒಬ್ಬ ಹೇಳಿದ: “ಮಾತ್ರೆ ಬರೆದುಕೊಟ್ರು. ಈಗ ನೋಡಿ, ನನ್ನ ಕಿಡ್ನಿಯೇ ಹೋಯ್ತು.” ಢಣ್! ಗಂಟೆ ಹೊಡೆಯಿತು.

ಮನೆಗೆ ಬಂದವಳೇ ಗಂಡನ ಮಾತ್ರೆಗಳನ್ನೆಲ್ಲ ತೆಗೆದು ದಾರದ ಡಬ್ಬಿಯಲ್ಲಿ ಬಚ್ಚಿಟ್ಟಳು.

“ಏನೇ ಇದು?” ಎಂದ ಗಂಡ.

“ರೇಡಿಯೋದಲ್ಲೇ ಹೇಳಿದ್ರು ಕಣ್ರೀ. ಇನ್ನು ಮುಟ್ಟಬೇಡಿ.”

ಒಂಬತ್ತನೆಯ ದಿನ ಅವನು ತಲೆ ಹಿಡಿದುಕೊಂಡು ಮನೆಗೆ ಬಂದ. ಗರಗಸದ ಮುಂದೆ ನಿಂತಿದ್ದಾಗ ಕಣ್ಣು ಮಂಜಾಯಿತಂತೆ. ಹಿಡಿದುಕೊಳ್ಳಲು ಗೋಡೆ ಸಿಕ್ಕಿತು, ಬಚಾವಾದ. ಇಲ್ಲದಿದ್ದರೆ ಕೈ ನೇರ ಗರಗಸದ ಹಲ್ಲಿಗೆ. “ಮೈಯಲ್ಲಿರೋ ವಿಷ ಇಳೀತಿದೆ, ಅದಕ್ಕೇ,” ಎಂದು ಸಮಾಧಾನ ಹೇಳಿದಳು ಕಾಲರಕ್ಕ. ಆ ಮಾತು ಅವಳಿಗೇ ಪೂರ್ತಿ ನಂಬಿಕೆಯಾಗಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಗುಂಡಿಯಮ್ಮನಿಗೆ ಎಲ್ಲ ಹೇಳಿಕೊಂಡಳು. ಗುಂಡಿಯಮ್ಮನ ಸೂಜಿ ಅಲ್ಲೇ ನಿಂತಿತು.

“ಅಯ್ಯೋ ಪುಣ್ಯಾತ್ಗಿತ್ತಿ! ಆ ಮಂಗಳವಾರದ್ದು ಪೂರ್ತಿ ಕೇಳಿಲ್ವಾ ನೀನು?”

“ಗಂಟೆ ಆಯ್ತಲ್ಲಕ್ಕ.”

“ನನ್ನದು ಕೈಕೆಲಸ. ಕಿವಿಗೆ ವೈರು ಸಿಗಿಸ್ಕೊಂಡು ಕೊನೇವರೆಗೂ ಕೇಳ್ತೀನಿ. ತಗೋ, ಫೋನಲ್ಲಿ ಹಳೇದೂ ಸಿಗತ್ತೆ.”

“ನಿಂಗ್ಯಾಕಕ್ಕ ಆ ರೇಡಿಯೋದವಳ ಮೇಲೆ ಅಷ್ಟು ನಂಬಿಕೆ?”

“ನಂಬಿಕೆ ಸುಮ್ನೆ ಬಂತಾ? ಹೋದ ತಿಂಗಳು ಯಾವುದೋ ಊರಿನ ಶಾಲೆ ಮುಚ್ಚಿದೆ ಅಂದ್ಲು. ಮಾರನೇ ದಿನ ಮೊದಲ ಮಾತೇ ‘ನಿನ್ನೆ ನಾನು ತಪ್ಪು ಹೇಳಿದೆ, ಆ ಶಾಲೆ ತೆರೆದೇ ಇದೆ’ ಅಂತ. ಯಾರನ್ನ ಕೇಳಿದೆ, ಹೇಗೆ ಗೊತ್ತಾಯ್ತು ಅಂತಾನೂ ಹೇಳ್ತಾಳೆ. ನಿನ್ನ ಮೈದುನ ಕಳಿಸಿದ್ದು ಒಂದಾದ್ರೂ ‘ತಪ್ಪಾಯ್ತು’ ಅಂದಿದೆಯಾ?”

ಕಾಲರಕ್ಕ ಮೆಟ್ಟಿಲ ಮೇಲೆ ಕೂತು ಕೇಳಿದಳು. ಹದಿನೈದು ನಿಮಿಷ ದಾಟಿತು. ಮತ್ತೆ ಅದೇ ಕೆಮ್ಮು, ಅದೇ ಮನುಷ್ಯ! ಪತ್ರಕರ್ತೆ ಅವನ ಆಸ್ಪತ್ರೆಯ ಚೀಟಿಗಳನ್ನೆಲ್ಲ ತಿರುವಿಹಾಕಿ ಕೇಳುತ್ತಿದ್ದಳು: “ಮಾತ್ರೆ ಎಷ್ಟು ದಿನ ತಗೊಂಡ್ರಿ?”

“ಎರಡು ತಿಂಗಳು. ಯಾರೋ ಬೇಡ ಅಂದ್ರು, ಬಿಟ್ಟೆ. ಆರು ವರ್ಷ ಮುಟ್ಲಿಲ್ಲ.”

ಆಮೇಲೆ ವೈದ್ಯೆಯ ಮಾತು. “ರಕ್ತದೊತ್ತಡ ಏರಿಯೇ ಇದ್ರೆ ಪೆಟ್ಟು ಬೀಳೋದು ಕಿಡ್ನಿಗೇ. ಒತ್ತಡ ಇಳಿಸೋಕೇ ಮಾತ್ರೆ. ಅನುಮಾನ ಇದ್ರೆ ಬಂದು ಕೇಳಿ, ಪರೀಕ್ಷೆ ಮಾಡಿಸ್ಕೊಳ್ಳಿ. ನೀವಾಗೇ ನಿಲ್ಲಿಸ್ಬೇಡಿ.”

ಗಂಡನ ಮೈಯಿಂದ ವಿಷ ಇಳಿಸುತ್ತೇನೆಂದು ಹೊರಟು ತಾನೇ ಇದೇನು ಮಾಡಿಬಿಟ್ಟೆ? ಕಾಲರಕ್ಕ ಊಟದ ಡಬ್ಬಿಯನ್ನು ಹಾಗೇ ಬಿಟ್ಟು, ಗುಂಡಿಯಮ್ಮನ ಫೋನು ಹಿಡಿದು ಗಂಡ ಕೆಲಸ ಮಾಡುವಲ್ಲಿಗೆ ಓಡಿದಳು. ಬಡಗಿ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ.

“ರೇಡಿಯೋ ಹೇಳ್ತು ಅಂತ ಬಿಡಿಸ್ದೆ. ಈಗ ರೇಡಿಯೋ ಹೇಳ್ತು ಅಂತ ನುಂಗು ಅಂತೀಯಾ,” ಎಂದು ರೇಗಿದ. “ಯಾವ ಬಾಯನ್ನ ನಂಬ್ಲಿ ನಾನು?”

“ನನ್ನ ಬಾಯಿ ಬೇಡ. ನೀವೇ ಕೇಳಿ. ಆಮೇಲೆ ಡಾಕ್ಟ್ರನ್ನೂ ಕೇಳೋಣ. ನಡೀರಿ, ದಾರೀಲೇ ಕೇಳ್ತಾ ಹೋಗೋಣ.”

ವೈರಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಒಬ್ಬರು ಮುಂದಾದರೆ ಇನ್ನೊಬ್ಬರ ಕಿವಿಯಿಂದ ಉದುರುತ್ತಿತ್ತು. ಹಾಗಾಗಿ ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ಕೆಮ್ಮುವವನ “ಆರು ವರ್ಷ ಮುಟ್ಲಿಲ್ಲ” ಎಂಬ ಮಾತು ಬಂದಾಗ ಬಡಗಿ ನಿಂತುಬಿಟ್ಟ. ಹೆಂಡತಿಯ ಮುಖ ನೋಡಿದ. ಆಮೇಲೆ ಅವನೇ ಬಿರಬಿರನೆ ನಡೆದ.

ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ ಹುಬ್ಬೇರಿಸಿದಳು. ಡಾಕ್ಟರು ಚೆನ್ನಾಗಿ ಬೈದರು, ರಕ್ತ ಪರೀಕ್ಷೆ ಮಾಡಿಸಿದರು, ಮಾತ್ರೆ ಮತ್ತೆ ಶುರು ಮಾಡಿಸಿದರು. ಸಂಜೆ ವರದಿ ಬಂದ ಮೇಲೆ “ಕಿಡ್ನಿಗೆ ಏನೂ ಆಗಿಲ್ಲ. ಬೇಗ ಬಂದ್ರಿ,” ಎಂದರು. ಕಾಲರಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಶೆಡ್ಡಿನಲ್ಲಿ ಕತ್ತರಿ ಮಾವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಮಾವ, ಬಿಡುವನ್ನ ಒಂದೂಕಾಲಿಗೆ ಶುರು ಮಾಡಿ, ಒಂದೂಮುಕ್ಕಾಲಿಗೆ ಗಂಟೆ ಹೊಡೀರಿ. ಅದೇ ಅರ್ಧ ಗಂಟೆ. ಏನು ಕಳ್ಕೋತೀರಿ?”

“ಇಪ್ಪತ್ತು ವರ್ಷದಿಂದ ಒಂದೂವರೆಗೇ ಬಾರಿಸ್ತಿದ್ದೀನಿ ಕಣಮ್ಮ,” ಎಂದು ಗೊಣಗಿದ ಮಾವ. ಅವತ್ತೇ ಬದಲಾಯಿಸಿದ ಕೂಡ. ಈಗ ಎಲ್ಲರಿಗಿಂತ ಹೆಚ್ಚು ಕಿವಿ ಕೊಟ್ಟು ಕೇಳುವವನು ಅವನೇ. ಯಾರಾದರೂ ನಡುವೆ ಬಾಯಿ ಹಾಕಿದರೆ ಕತ್ತರಿ ತೋರಿಸುತ್ತಾನೆ!

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತದಲ್ಲ? ದಿನಕ್ಕೊಂದು ವಿಷಯವನ್ನು ಪೂರ್ತಿ ಕೇಳಿ. ಹೇಳುವವರು ಯಾರು, ಯಾರನ್ನು ಕೇಳಿ ತಿಳಿದರು, ತಪ್ಪಾದರೆ ಒಪ್ಪಿಕೊಳ್ಳುತ್ತಾರಾ ಎಂದು ನೋಡಿ. ಅರ್ಧ ಕೇಳಿದ್ದನ್ನು ಯಾರಿಗೂ ದಾಟಿಸಬೇಡಿ, ನಿಮ್ಮವರ ಮೇಲೆ ಪ್ರಯೋಗವನ್ನಂತೂ ಮಾಡಲೇಬೇಡಿ. ನಿಮ್ಮ ಮನೆಯ ಗಂಟೆ ಬಾರಿಸುವವರು ನೀವೇ. ಮಾತು ಮುಗಿದ ಮೇಲೆ ಬಾರಿಸಿ.